ಜಾನ್ ವೆಸ್ಲಿಯವರೂ ಅವರ ಹಣದ ಲೆಕ್ಕವೂ

ಮೈಸೂರು ಸೀಮೆಯ ವೆಸ್ಲಿಯನ್ ಮಿಶನ್ ಶಾಲೆಗಳಲ್ಲಿ ಓದಿದವರಿಗೆ ಜಾನ್ ವೆಸ್ಲಿಯವರ ಹೆಸರು ಹೊಸದಲ್ಲ. ಅವರು ಕುದುರೆಯೇರಿ ಊರೂರು ತಿರುಗಿ ಸುವಾರ್ತೆಯನ್ನು ಸಾರಿದ ಸಂಗತಿಯನ್ನು ಬಾಲ್ಯದಲ್ಲಿಯೇ ಕೇಳಿರುವೆವು. ಹಣದ ವಿಷಯವಾಗಿ ಮುಪ್ಪಿನಲ್ಲಿ ಅವರನ್ನು ಬಾಧಿಸಿದ ವ್ಯಾಕುಲವಾದರೋ ಅಷ್ಟಾಗಿ ತಿಳಿದುದಲ್ಲ.

ಇವರು 1703ರಲ್ಲಿ ಇಂಗ್ಲೆಂಡಿನ ಎಪ್ವರ್ತ್ ಎಂಬಲ್ಲಿ ಸಭಾಪಾಲಕರೊಬ್ಬರ ಮಗನಾಗಿ ಹುಟ್ಟಿದರು. ಬಡತನವು ಅವರಿಗೆ ಪುಸ್ತಕದಿಂದ ತಿಳಿದುದಲ್ಲ. 1705ರಲ್ಲಿ ತಂದೆಯು ಸಾಲದ ನಿಮಿತ್ತ ಲಿಂಕನ್ ನಗರದ ಸೆರೆಮನೆಯನ್ನು ಸೇರಬೇಕಾಯಿತು. ಆಗ ಮನೆ ತುಂಬ ಮಕ್ಕಳನ್ನಿಟ್ಟುಕೊಂಡು ತಾಯಿ ಸುಸನ್ನಾ ಪಟ್ಟ ಪಾಡನ್ನು ನಮ್ಮ ತಾಯಂದಿರು ಸುಲಭವಾಗಿ ಊಹಿಸಬಲ್ಲರು.

ಆಕ್ಸ್‌ಫರ್ಡಿನ ಒಬ್ಬ ಯುವಕನ ವಿಷಯವನ್ನು ವೆಸ್ಲಿಯವರು ಒಂದು ಪ್ರಸಂಗದಲ್ಲಿ ಹೇಳಿರುವರು. ವರ್ಷಕ್ಕೆ 30 ಪೌಂಡು ಬಂದಾಗ ಆತನು 28ರಲ್ಲಿ ಜೀವಿಸಿ ಎರಡನ್ನು ಬಡವರಿಗೆ ಕೊಟ್ಟನು. ಮರುವರ್ಷ ವರಮಾನವು 60 ಆಯಿತು. ವೆಚ್ಚ ಮಾತ್ರ 28. ಮುಂದೆ 90, ಆಮೇಲೆ 120 ಬಂದರೂ ವೆಚ್ಚವು 28ನ್ನು ಮೀರಲಿಲ್ಲ. ಹೆಸರನ್ನು ಮರೆಮಾಡಿದರೂ ಆ ಯುವಕನು ತಾವೇ ಎಂಬುದನ್ನು ಓದುವವರು ಅರಿತುಕೊಳ್ಳದಿರಲಿಲ್ಲ.

1738ರಲ್ಲಿ ಹೃದಯದಲ್ಲಿ ಹೊಸ ಭರವಸೆಯನ್ನು ಹೊಂದಿ, ಮರುವರ್ಷ ಬ್ರಿಸ್ಟಲಿನಲ್ಲಿ ಬಯಲಲ್ಲಿ ನಿಂತು ಬೋಧಿಸತೊಡಗಿದರು. ಅಗ್ಗದ ಬೆಲೆಗೆ ಅಚ್ಚುಹಾಕಿಸಿದ ಅವರ ಪುಸ್ತಕಗಳು ತಾವೂ ಎಣಿಸದಷ್ಟು ಹಣವನ್ನು ತಂದವು. ಅದು ಬಂದಂತೆಯೇ ಹೋಯಿತು. ಬರಿಯ ಭಿಕ್ಷೆಯಿಂದ ಬಡವನು ಏಳಲಾರನೆಂದು ಬಲ್ಲವರಾಗಿ, 1746ರಲ್ಲಿ ಲಂಡನ್ನಿನಲ್ಲಿ ಒಂದು ಸಣ್ಣ ಸಾಲನಿಧಿಯನ್ನು ಸ್ಥಾಪಿಸಿದರು. ಮೂರು ತಿಂಗಳಲ್ಲಿ ತೀರಿಸತಕ್ಕ ಕೈಸಾಲಗಳಿಂದ ಒಂದೇ ವರ್ಷದಲ್ಲಿ 250 ಮಂದಿಗೆ ನೆರವಾಯಿತು. 1776ರಲ್ಲಿ ಸುಂಕದ ಅಧಿಕಾರಿಗಳು, ಇಷ್ಟು ಪ್ರಖ್ಯಾತರಾದವರ ಬಳಿ ಬೆಳ್ಳಿಯ ಸಾಮಾನು ಇರಲೇಬೇಕೆಂದು ಲೆಕ್ಕ ಕೇಳಿದರು. ಲಂಡನ್ನಿನಲ್ಲಿ ಎರಡು ಚಮಚ, ಬ್ರಿಸ್ಟಲಿನಲ್ಲಿ ಎರಡು ಚಮಚ. ಅದೇ ಅವರ ಉತ್ತರ.

ಹಣದ ಉಪಯೋಗವನ್ನು ಕುರಿತು 1760ರಲ್ಲಿ ಪ್ರಕಟವಾದ ಪ್ರಸಂಗದಲ್ಲಿ ಅವರು ನ್ಯಾಯವಾಗಿ ಸಂಪಾದಿಸಿ, ಮಿತವಾಗಿ ಉಳಿಸಿ, ಕೈಬಿಚ್ಚಿ ಕೊಡಬೇಕೆಂದು ಬೋಧಿಸಿದರು. ಶಿಷ್ಯರು ಮೊದಲೆರಡನ್ನು ಚೆನ್ನಾಗಿ ಕಲಿತರು. ಕುಡಿತವನ್ನು ಬಿಟ್ಟರು, ದುಡಿದರು, ದುಂದು ಮಾಡಲಿಲ್ಲ, ಆದುದರಿಂದ ಐಶ್ವರ್ಯವಂತರಾದರು. ಐಶ್ವರ್ಯವು ಹೆಚ್ಚಿದಷ್ಟೂ ಕೈ ಬಿಗಿಯಾಯಿತು, ಭಕ್ತಿ ತಣ್ಣಗಾಯಿತು. ಭಕ್ತಿಯ ಫಲವೇ ಭಕ್ತಿಯನ್ನು ನುಂಗುವುದನ್ನು ಕಂಡು ಮುದುಕರು ನೊಂದರು. 1781ರಿಂದ ಮರಣದವರೆಗೂ ಇದೇ ಅವರ ಎಚ್ಚರಿಕೆಯಾಗಿತ್ತು. ಮಿಶನ್ ಶಾಲೆಯಲ್ಲಿ ಅಕ್ಷರ ಕಲಿತು ಉದ್ಯೋಗಕ್ಕೇರಿದ ನಮ್ಮ ಮನೆತನಗಳ ಕಥೆಯೂ ಇದಕ್ಕೆ ತೀರ ದೂರವಲ್ಲವೆಂದು ನನಗೆ ತೋರುತ್ತದೆ.

ತಾವಂತೂ ಬರಿದೇ ಉಪದೇಶಿಸಿ ಕುಳಿತವರಲ್ಲ. 1785ರ ಜನವರಿಯಲ್ಲಿ, 81ನೆಯ ವಯಸ್ಸಿನಲ್ಲಿ, ಬಡವರ ಬಟ್ಟೆಗಾಗಿ ಕರಗುವ ಹಿಮದಲ್ಲಿ ಕಣಕಾಲು ಮುಳುಗುವಂತೆ ಐದು ದಿನ ಲಂಡನ್ನಿನ ಬೀದಿಗಳಲ್ಲಿ ನಡೆದು, 200 ಪೌಂಡುಗಳನ್ನು ಬೇಡಿ ತಂದರು. ಅದರಿಂದ ಕಾಯಿಲೆ ಬಿದ್ದರು. ದೀರ್ಘಕಾಲ ತಪ್ಪದೆ ಬರೆದ ಲೆಕ್ಕದ ಪುಸ್ತಕವನ್ನು 1790ರಲ್ಲಿ ಮುಚ್ಚಿದರು. ಉಳಿಸಬಹುದಾದುದನ್ನು ಉಳಿಸಿ, ಕೊಡಬಹುದಾದುದನ್ನೆಲ್ಲ ಕೊಟ್ಟ ತೃಪ್ತಿ ಅವರಿಗಿತ್ತು.

1791ನೆಯ ಮಾರ್ಚ್ 2ರಂದು ತೀರಿಕೊಂಡರು. ಶವಕ್ಕೆ ಬಂಡಿಯೂ ಆಡಂಬರವೂ ಬೇಡ, ಆರು ಮಂದಿ ಬಡವರು ಹೊರಲಿ, ಒಬ್ಬೊಬ್ಬರಿಗೆ ಒಂದೊಂದು ಪೌಂಡು ಕೊಡಿರಿ ಎಂಬುದು ಅವರ ಮರಣಶಾಸನದಲ್ಲಿತ್ತು. ಮಾರ್ಚ್ 9ರಂದು, ಇನ್ನೂ ಬೆಳಕು ಹರಿಯುವುದಕ್ಕೆ ಮುಂಚೆ, ಸಿಟಿ ರೋಡಿನ ದೇವಾಲಯದ ಹಿಂದೆ ಅವರನ್ನು ಸಮಾಧಿ ಮಾಡಿದರು.