ಐಷಾರಾಮಿ ಯಾಟ್ ಅನ್ನೇ ಪ್ರಯೋಗಾಲಯ ಮಾಡಿಕೊಂಡ ಮಾರ್ಕೋನಿ: ಇಟಲಿ ಕರಾವಳಿಯ 'ಎಲೆಟ್ರಾ' ಕಥೆ

ಇಟಲಿಯ ಕರಾವಳಿ ಎಂದ ಕೂಡಲೇ ಈಗ ಕಣ್ಮುಂದೆ ಬರುವುದು ಬಿಳಿ ಬಣ್ಣದ ಖಾಸಗಿ ಹಡಗುಗಳು. ಪೋರ್ಟೊಫಿನೊ, ಕ್ಯಾಪ್ರಿ, ಸಾರ್ಡಿನಿಯಾ ಸುತ್ತಮುತ್ತ ವಾರದ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ಐಷಾರಾಮಿ ಯಾಟ್‌ಗಳಲ್ಲಿ ಉದ್ಯಮಿಗಳು, ಸಿನಿಮಾ ತಾರೆಯರು ರಜೆ ಕಳೆಯುತ್ತಾರೆ. ನೂರು ವರ್ಷಗಳ ಹಿಂದೆ ಇದೇ ಸಮುದ್ರದಲ್ಲಿ ಇನ್ನೊಂದು ಬಿಳಿ ಯಾಟ್ ಓಡಾಡುತ್ತಿತ್ತು. ಅದರಲ್ಲೂ ಔತಣ ನಡೆಯುತ್ತಿತ್ತು, ಗಣ್ಯ ಅತಿಥಿಗಳು ಬಂದು ಹೋಗುತ್ತಿದ್ದರು. ಆದರೆ ಅದರ ಒಂದು ಕೋಣೆಯ ತುಂಬ ರೇಡಿಯೊ ಉಪಕರಣಗಳಿದ್ದವು. ಆ ಹಡಗಿನ ಹೆಸರು 'ಎಲೆಟ್ರಾ', ಮಾಲೀಕ ಗುಗ್ಲಿಯೆಲ್ಮೊ ಮಾರ್ಕೋನಿ.

ಮನೆಯ ಅಟ್ಟದಿಂದ ಅಟ್ಲಾಂಟಿಕ್‌ವರೆಗೆ

ಮಾರ್ಕೋನಿ ಹುಟ್ಟಿದ್ದು 1874ರ ಏಪ್ರಿಲ್ 25ರಂದು, ಇಟಲಿಯ ಬೊಲೊನ್ಯಾದಲ್ಲಿ. ತಂದೆ ಇಟಲಿಯ ಜಮೀನುದಾರ. ತಾಯಿ ಐರ್ಲೆಂಡಿನವರು, ಹೆಸರಾಂತ ವಿಸ್ಕಿ ತಯಾರಕರ ಕುಟುಂಬದಿಂದ ಬಂದವರು. ವಿಶ್ವವಿದ್ಯಾಲಯದ ಪದವಿ ಇಲ್ಲದ ಹುಡುಗ 1895ರಲ್ಲಿ ಪೊಂಟೆಕ್ಕಿಯೊ ಗ್ರಾಮದ ತಮ್ಮ ಮನೆಯಲ್ಲೇ ತಂತಿಯಿಲ್ಲದೆ ಸಂಕೇತ ಕಳಿಸಿ ತೋರಿಸಿದ. ಮರುವರ್ಷ ತಾಯಿಯೊಂದಿಗೆ ಇಂಗ್ಲೆಂಡ್‌ಗೆ ಹೋಗಿ ಪೇಟೆಂಟ್‌ಗೆ ಅರ್ಜಿ ಹಾಕಿದಾಗ ವಯಸ್ಸು ಇನ್ನೂ 22. 1901ರ ಡಿಸೆಂಬರ್‌ನಲ್ಲಿ ಇಂಗ್ಲೆಂಡಿನ ಪೋಲ್ಡು ಕೇಂದ್ರದಿಂದ ಹೊರಟ ಸಂಕೇತವನ್ನು ಅಟ್ಲಾಂಟಿಕ್‌ನ ಆಚೆ ದಡದ ನ್ಯೂಫೌಂಡ್‌ಲ್ಯಾಂಡ್‌ನಲ್ಲಿ ಆಲಿಸಿದ್ದಾಗಿ ಮಾರ್ಕೋನಿ ಪ್ರಕಟಿಸಿದರು. 1909ರಲ್ಲಿ ಕಾರ್ಲ್ ಬ್ರೌನ್ ಜೊತೆ ಭೌತಶಾಸ್ತ್ರದ ನೊಬೆಲ್ ಬಂತು.

ಈ ಕೀರ್ತಿಯೆಲ್ಲ ಒಬ್ಬರಿಗೇ ಸಲ್ಲಬೇಕೇ ಎಂಬ ಪ್ರಶ್ನೆ ಅಂದಿನಿಂದಲೂ ಇದೆ. ಕಲ್ಕತ್ತಾದಲ್ಲಿ ಜಗದೀಶಚಂದ್ರ ಬೋಸ್ ಅದೇ ಕಾಲಕ್ಕೆ ರೇಡಿಯೊ ಅಲೆಗಳ ಪ್ರಯೋಗ ಮಾಡಿದ್ದರು. 1901ರಲ್ಲಿ ಮಾರ್ಕೋನಿ ಬಳಸಿದ ಸಂಕೇತಗ್ರಾಹಕದ ಮೂಲ ಬೋಸ್ ಅವರ ಸಂಶೋಧನೆಯಲ್ಲಿದೆ ಎಂದು ಸಂಶೋಧಕರು ವಾದಿಸಿದ್ದಾರೆ. ಬೋಸ್‌ಗೆ ಪೇಟೆಂಟ್, ವ್ಯಾಪಾರದಲ್ಲಿ ಆಸಕ್ತಿ ಇರಲಿಲ್ಲ. ಮಾರ್ಕೋನಿಗೆ ಎರಡೂ ಚೆನ್ನಾಗಿ ಗೊತ್ತಿತ್ತು.

ವೈರ್‌ಲೆಸ್ ಏಕೆ ಬೇಕು ಎಂಬುದು ಜಗತ್ತಿಗೆ ಅರ್ಥವಾಗಿದ್ದು 1912ರ ಏಪ್ರಿಲ್‌ನಲ್ಲಿ. ಮುಳುಗುತ್ತಿದ್ದ ಟೈಟಾನಿಕ್‌ನಿಂದ ನೆರವು ಕೋರಿ ಸಂಕೇತ ಕಳಿಸಿದ ಇಬ್ಬರು ಯುವಕರೂ ಮಾರ್ಕೋನಿ ಕಂಪನಿಯ ನೌಕರರು. ಅವರಲ್ಲಿ ಜ್ಯಾಕ್ ಫಿಲಿಪ್ಸ್ ಬದುಕಿ ಬರಲಿಲ್ಲ. ಆದರೆ ಆ ಸಂಕೇತ ಕೇಳಿ ಧಾವಿಸಿದ ಕಾರ್ಪೇಥಿಯಾ ಹಡಗು 700ಕ್ಕೂ ಹೆಚ್ಚು ಜನರನ್ನು ರಕ್ಷಿಸಿತು.

ರಾಜಮನೆತನದ ಹಡಗು, ವಿಜ್ಞಾನಿಯ ಮನೆ

ಎಲೆಟ್ರಾ ತಯಾರಾಗಿದ್ದು 1904ರಲ್ಲಿ, ಸ್ಕಾಟ್ಲೆಂಡಿನ ಲೀತ್‌ನಲ್ಲಿ. ಆಸ್ಟ್ರಿಯಾದ ರಾಜಮನೆತನಕ್ಕಾಗಿ ಕಟ್ಟಿದ ಸುಮಾರು 67 ಮೀಟರ್ ಉದ್ದದ ಈ ಉಗಿ ಯಾಟ್‌ನ ಮೊದಲ ಹೆಸರು ರೊವೆನ್ಸ್ಕಾ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ನೌಕಾಪಡೆಯ ಕೆಲಸಕ್ಕೆ ಬಳಕೆಯಾಗಿ, ಯುದ್ಧ ಮುಗಿದ ಮೇಲೆ ಮಾರಾಟಕ್ಕೆ ಬಂದಾಗ ಮಾರ್ಕೋನಿ ಕೊಂಡುಕೊಂಡರು.

ಸಮುದ್ರವೇ ಏಕೆ? ರೇಡಿಯೊ ಅಲೆ ಎಷ್ಟು ದೂರ ಹೋಗುತ್ತದೆ ಎಂದು ಅಳೆಯಲು ಕೇಂದ್ರದಿಂದ ದೂರ ಸರಿಯುತ್ತಲೇ ಕೇಳಿಸಿಕೊಳ್ಳಬೇಕು. ಭೂಮಿಯ ಮೇಲೆ ಬೆಟ್ಟ, ಕಟ್ಟಡಗಳ ಅಡ್ಡಿ. ಹಡಗಾದರೆ ಬೇಕೆಂದ ಕಡೆಗೆ ತಿರುಗಿಸಬಹುದು, ಬೇಕೆಂದಲ್ಲಿ ಲಂಗರು ಹಾಕಬಹುದು. ಹಾಗಾಗಿ ಎಲೆಟ್ರಾ ಅವರ ಪಾಲಿಗೆ ತೇಲುವ ಪ್ರಯೋಗಾಲಯವಾಯಿತು.

1923ರಲ್ಲಿ ಅವರು ಇದೇ ಯಾಟ್‌ನಲ್ಲಿ ಆಫ್ರಿಕಾದ ಪಶ್ಚಿಮಕ್ಕಿರುವ ಕೇಪ್ ವರ್ಡ್ ದ್ವೀಪಗಳವರೆಗೆ ಸಾಗಿ, ಪೋಲ್ಡುವಿನಿಂದ ಬರುತ್ತಿದ್ದ ಶಾರ್ಟ್‌ವೇವ್ ಸಂಕೇತಗಳನ್ನು ಆಲಿಸಿದರು. ಕಡಿಮೆ ವಿದ್ಯುತ್ತಿನಲ್ಲೇ ಬಹುದೂರ ಸಂದೇಶ ಕಳಿಸಬಹುದು ಎಂಬುದು ಖಾತ್ರಿಯಾಯಿತು. ಬ್ರಿಟಿಷ್ ಸಾಮ್ರಾಜ್ಯದ 'ಬೀಮ್' ವೈರ್‌ಲೆಸ್ ಜಾಲ ಹುಟ್ಟಿದ್ದು ಇದರಿಂದಲೇ. ಇಂಗ್ಲೆಂಡ್ ಮತ್ತು ಭಾರತದ ನಡುವಿನ ಸಂಪರ್ಕ 1927ರಲ್ಲಿ ಆರಂಭವಾದಾಗ ಅದರ ಭಾರತದ ಕೇಂದ್ರಗಳಿದ್ದದ್ದು ಪುಣೆ ಬಳಿಯ ಖಡ್ಕಿ ಮತ್ತು ದೌಂಡ್‌ನಲ್ಲಿ.

1930ರ ಮಾರ್ಚ್ 26ರಂದು ಜಿನೋವಾ ಬಂದರಿನಲ್ಲಿ ನಿಂತಿದ್ದ ಎಲೆಟ್ರಾದಿಂದ ಸಂಕೇತ ಕಳಿಸಿ, ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಪ್ರದರ್ಶನವೊಂದರ ಸಾವಿರಾರು ದೀಪಗಳನ್ನು ಬೆಳಗಿಸಿದರು. 1932ರಲ್ಲಿ ರೋಮ್ ಬಳಿಯ ರೊಕ್ಕಾ ಡಿ ಪಾಪಾದಿಂದ ಸಾರ್ಡಿನಿಯಾದ ಕಾಪೊ ಫಿಗಾರಿವರೆಗೆ, ಸುಮಾರು 270 ಕಿ.ಮೀ. ದೂರಕ್ಕೆ ಮೈಕ್ರೋವೇವ್ ಸಂಕೇತ ತಲುಪಿತು. 1934ರಲ್ಲಿ ಸೆಸ್ಟ್ರಿ ಲೆವಾಂಟೆಯ ಎದುರು ಹಡಗಿನ ಚಾಲನಾ ಕೊಠಡಿಯ ಕಿಟಕಿಗಳನ್ನು ಮುಚ್ಚಿಸಿ, ಕೇವಲ ರೇಡಿಯೊ ಸಂಕೇತ ನಂಬಿ ಎರಡು ತೇಲುಗುರುತುಗಳ ನಡುವೆ ಎಲೆಟ್ರಾವನ್ನು ಸಾಗಿಸಿದರು. ದಟ್ಟ ಮಂಜಿನಲ್ಲೂ ಹಡಗು ಬಂದರು ಸೇರಬಹುದು ಎಂದು ತೋರಿಸುವುದೇ ಇದರ ಉದ್ದೇಶ.

ಬೆಳಕಿನ ಹಿಂದಿನ ಕತ್ತಲು

ತಿಂಗಳುಗಟ್ಟಲೆ ಸಮುದ್ರದಲ್ಲೇ ಇರುತ್ತಿದ್ದ ಮಾರ್ಕೋನಿ ಮನೆಗೆ ಸಿಕ್ಕಿದ್ದು ಕಡಿಮೆ. ಪತ್ನಿ ಬಿಯಾಟ್ರಿಸ್ ಜೊತೆಗಿನ ದಾಂಪತ್ಯ 1924ರಲ್ಲಿ ವಿಚ್ಛೇದನದಲ್ಲಿ ಕೊನೆಯಾಯಿತು. 1927ರಲ್ಲಿ ಮರಿಯಾ ಕ್ರಿಸ್ಟಿನಾ ಅವರನ್ನು ಮದುವೆಯಾದರು. 1930ರಲ್ಲಿ ಹುಟ್ಟಿದ ಮಗಳಿಗೆ ಹಡಗಿನ ಹೆಸರನ್ನೇ ಇಟ್ಟರು: ಎಲೆಟ್ರಾ.

ಅವರ ಬದುಕಿನ ದೊಡ್ಡ ಕಪ್ಪುಚುಕ್ಕೆ ಮುಸೊಲಿನಿಯ ಸಖ್ಯ. 1923ರಲ್ಲಿ ಫ್ಯಾಸಿಸ್ಟ್ ಪಕ್ಷ ಸೇರಿದ ಮಾರ್ಕೋನಿಯನ್ನು 1930ರಲ್ಲಿ ಮುಸೊಲಿನಿ ಇಟಲಿಯ ರಾಯಲ್ ಅಕಾಡೆಮಿಯ ಅಧ್ಯಕ್ಷರನ್ನಾಗಿ ಮಾಡಿದ. ಅವರ ಅವಧಿಯಲ್ಲಿ ಯಹೂದಿಗಳನ್ನು ಅಕಾಡೆಮಿಯಿಂದ ದೂರ ಇಡಲಾಗಿತ್ತು ಎಂಬುದು ದಶಕಗಳ ನಂತರ ದಾಖಲೆಗಳಿಂದ ಬಯಲಾಯಿತು. ಮುಳುಗುವವರ ಕೂಗು ಜಗತ್ತಿಗೆ ಕೇಳುವಂತೆ ಮಾಡಿದ ವ್ಯಕ್ತಿ, ತನ್ನದೇ ದೇಶದಲ್ಲಿ ಬಾಯಿ ಕಟ್ಟಿಸಿಕೊಂಡವರ ಪರ ನಿಲ್ಲಲಿಲ್ಲ. ಅವರ ಸಾಧನೆ ಬರೆಯುವಾಗ ಇದನ್ನು ಬಿಟ್ಟು ಬರೆಯುವಂತಿಲ್ಲ.

ಹಡಗಿನ ಕೊನೆ

1937ರ ಜುಲೈ 20ರಂದು, ಮಗಳು ಎಲೆಟ್ರಾಳ ಏಳನೇ ಹುಟ್ಟುಹಬ್ಬದ ದಿನವೇ, ಮಾರ್ಕೋನಿ ರೋಮ್‌ನಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಅವರಿಗೆ 63 ವರ್ಷ. ಮರುದಿನ ಹಲವು ದೇಶಗಳ ರೇಡಿಯೊ ಕೇಂದ್ರಗಳು ಎರಡು ನಿಮಿಷ ಪ್ರಸಾರ ನಿಲ್ಲಿಸಿ ಗೌರವ ಸಲ್ಲಿಸಿದವು.

ಎರಡನೇ ಮಹಾಯುದ್ಧದಲ್ಲಿ ಎಲೆಟ್ರಾ ಜರ್ಮನ್ನರ ವಶವಾಯಿತು. 1944ರ ಜನವರಿಯಲ್ಲಿ ಈಗಿನ ಕ್ರೊಯೇಷಿಯಾದ ಜಾದರ್ ಬಳಿ ಮಿತ್ರಪಡೆಗಳ ವಿಮಾನ ದಾಳಿಗೆ ಸಿಕ್ಕಿ ಹಾಳಾಯಿತು. 1960ರ ದಶಕದಲ್ಲಿ ಅವಶೇಷ ಇಟಲಿಗೆ ಮರಳಿತಾದರೂ ದುರಸ್ತಿ ಆಗಲಿಲ್ಲ. ಕೊನೆಗೆ ಹಡಗನ್ನು ತುಂಡು ತುಂಡಾಗಿ ಕತ್ತರಿಸಿ ಬೇರೆ ಬೇರೆ ಕಡೆ ಇಡಲಾಯಿತು. ಮಾರ್ಕೋನಿ ಮೊದಲ ಪ್ರಯೋಗ ಮಾಡಿದ ಪೊಂಟೆಕ್ಕಿಯೊದ ಮನೆಯ ಆವರಣದಲ್ಲೇ ಅವರ ಸಮಾಧಿಯಿದ್ದು, ಅಲ್ಲಿಯೂ ಅದರ ಒಂದು ಭಾಗವಿದೆ.

ಇಂದು ಇಟಲಿಯ ದ್ವೀಪಗಳ ನಡುವೆ ಪ್ರವಾಸಿಗರನ್ನು ಹೊತ್ತು ಸಾಗುವ ಯಾಟ್‌ಗಳ ಚಾಲನಾ ಕೊಠಡಿಯಲ್ಲಿ ವಿಎಚ್‌ಎಫ್ ರೇಡಿಯೊ ಇರುತ್ತದೆ. ಡೆಕ್ ಮೇಲೆ ಸಂಗೀತ ನಡೆಯುತ್ತಿದ್ದರೂ ತುರ್ತು ಕರೆಗೆ ಮೀಸಲಾದ 16ನೇ ಚಾನೆಲ್‌ಗೆ ಯಾರಾದರೂ ಕಿವಿಗೊಟ್ಟಿರಬೇಕು ಎಂಬುದು ಸಮುದ್ರದ ನಿಯಮ.