ಪಿಟೀಲು ಚೌಡಯ್ಯನವರು

ಮುರ್ಡೇಶ್ವರ, ಹೊನ್ನಾವರ, ಕುಮಟೆಗಳ ಕಡೆ ಹುಟ್ಟಿ ಯಕ್ಷಗಾನದ ಚಂಡೆಯ ಸದ್ದಿನಲ್ಲಿ ಬೆಳೆದ ನಮಗೆ, ಮೈಸೂರಿನ ಪಿಟೀಲೆಂದರೆ ಘಟ್ಟದ ಮೇಲಿನ ದೂರದ ವಿಷಯವೆಂದೇ ತೋರುವುದು ಸಹಜ. ಆದರೆ ಮೈಸೂರು ಟಿ. ಚೌಡಯ್ಯನವರ ಕೀರ್ತಿಯ ಬೇರುಗಳಲ್ಲಿ ಒಂದು ಕರಾವಳಿಯದೇ ಎಂಬುದನ್ನು ನಮ್ಮವರು ಮರೆತಂತಿದೆ. ಅವರ ಗುರುಗಳಾದ ಬಿಡಾರಂ ಕೃಷ್ಣಪ್ಪನವರು ಉಡುಪಿಯ ಬಳಿಯ ನಂದಳಿಕೆಯವರು. ಘಟ್ಟ ಹತ್ತಿ ಮೈಸೂರು ಆಸ್ಥಾನವನ್ನು ಸೇರಿ ಗಾಯಕಶ್ರೇಷ್ಠರೆನಿಸಿದವರು. ದಾಸರ ಪದಗಳಿಗೆ ದೊಡ್ಡ ಕಚೇರಿಗಳಲ್ಲಿ ಗೌರವದ ಸ್ಥಾನವನ್ನು ದೊರಕಿಸಿದವರಲ್ಲಿ ಅವರೂ ಪ್ರಮುಖರು.

ಚೌಡಯ್ಯನವರು ಜನಿಸಿದ್ದು 1895ರಲ್ಲಿ, ಕಾವೇರಿ ಕಪಿಲೆಗಳು ಕೂಡುವ ತಿರುಮಕೂಡಲಿನ ಒಂದು ಒಕ್ಕಲಿಗ ಕುಟುಂಬದಲ್ಲಿ. ಸಂಗೀತವು ಕೆಲವೇ ಮನೆತನಗಳ ಸೊತ್ತೆಂದು ಲೋಕವು ಭಾವಿಸಿದ್ದ ಕಾಲವದು. ಅಂಥ ಕಾಲದಲ್ಲಿ 1910ರಿಂದ 1918ರ ವರೆಗೆ ಕೃಷ್ಣಪ್ಪನವರ ಬಳಿ ಗುರುಕುಲವಾಸ ಮಾಡಿ ವಿದ್ಯೆಯನ್ನು ಸಂಪಾದಿಸುವುದು ಸಾಮಾನ್ಯವಾದ ಸಾಹಸವಲ್ಲ. ಕೃಷ್ಣಪ್ಪನವರು ಬಹು ಕಠಿಣವಾದ ಗುರುಗಳು. ಅವರು ಗಾಯಕರಾದುದರಿಂದ ಶಿಷ್ಯನಿಗೆ ದೊರೆತುದು ಕಂಠದ ಮಾರ್ಗ. ಚೌಡಯ್ಯನವರ ಕಮಾನು ಹಾಡುವಂತೆ ನುಡಿಯುತ್ತಿದ್ದುದರ ರಹಸ್ಯವು ಇಲ್ಲಿಯೇ ಇದೆಯೆಂದು ನಮ್ಮ ಎಣಿಕೆ.

ಪಿಟೀಲೂ ಪರದೇಶದಿಂದ ಬಂದು ನಮ್ಮ ಸಂಗೀತಕ್ಕೆ ಒಗ್ಗಿಕೊಂಡ ವಾದ್ಯವೇ. ಆದರೆ ಅದಕ್ಕೆ ಒಂದು ಕೊರತೆಯಿದ್ದಿತು. ಧ್ವನಿವರ್ಧಕಗಳಿಲ್ಲದ ಆ ದಿನಗಳಲ್ಲಿ ಚೆಂಬೈ ವೈದ್ಯನಾಥ ಭಾಗವತರಂಥ ಸಿಂಹಕಂಠದವರ ಪಕ್ಕದಲ್ಲಿ ನಾಲ್ಕು ತಂತಿಯ ನಾದವು ಸಭೆಯ ಹಿಂದಿನ ಸಾಲುಗಳನ್ನು ಮುಟ್ಟುತ್ತಿರಲಿಲ್ಲ. ಟಿಕೀಟು ಕೊಂಡು ಹಿಂದೆ ಕುಳಿತವನಿಗೆ ಕಮಾನು ಆಡುವುದು ಮಾತ್ರ ಕಾಣುತ್ತಿತ್ತು! 1927ರಲ್ಲಿ ಚೌಡಯ್ಯನವರು ಮತ್ತೆ ಮೂರು ತಂತಿಗಳನ್ನು ಜೊತೆಗೂಡಿಸಿ ಏಳು ತಂತಿಯ ಪಿಟೀಲನ್ನು ಸಿದ್ಧಪಡಿಸಿದರು. ಒಂದು ತಂತಿಯನ್ನು ಶ್ರುತಿಯಲ್ಲಿ ನಿಲ್ಲಿಸುವುದೇ ಕಷ್ಟ. ಜೋಡಿ ತಂತಿಗಳನ್ನು ಒಂದೇ ಬೆರಳಿನಿಂದ ಒತ್ತಿ, ಒಂದೇ ಕಮಾನಿನಿಂದ ಎಳೆದು, ಗಮಕವು ಕದಲದಂತೆ ನುಡಿಸುವುದೆಂದರೆ ವರ್ಷಗಳ ಸಾಧನೆ ಬೇಕು. ನಾಲ್ಕು ತಂತಿಯೇ ಸಾಕೆಂಬವರ ವಾದದಲ್ಲಿ ಹುರುಳಿಲ್ಲವೆಂದು ನಾವು ಹೇಳಲಾರೆವು, ಏಕೆಂದರೆ ನಾದವು ದಪ್ಪವಾದಷ್ಟೂ ಸೂಕ್ಷ್ಮತೆಯು ಮಂಕಾಗುವ ಭಯವುಂಟು. ಆದರೆ ಆ ನಾದದ ತುಂಬುತನವನ್ನು ಗಾಯಕರೂ ಶ್ರೋತೃಗಳೂ ಒಪ್ಪಿದರು. ದಕ್ಷಿಣದ ಅಗ್ರಗಾಯಕರ ಪಕ್ಕದಲ್ಲಿ ಅವರ ಪಿಟೀಲು ದಶಕಗಳ ಕಾಲ ಮೊಳಗಿತು.

ಪಕ್ಕವಾದ್ಯವೊಂದರಲ್ಲಿಯೇ ಅವರು ತೃಪ್ತಿಗೊಳ್ಳಲಿಲ್ಲ. ಹುಟ್ಟೂರನ್ನು ನೆನಪಿಸುವ 'ತ್ರಿಮಕುಟ' ಎಂಬ ಅಂಕಿತದಲ್ಲಿ ಕೃತಿಗಳನ್ನು ರಚಿಸಿದರು. ಮೈಸೂರಿನಲ್ಲಿ ಅಯ್ಯನಾರ್ ಸಂಗೀತ ಕಲಾಶಾಲೆಯನ್ನು ನಡೆಸಿದರು. 1939ರಲ್ಲಿ ಮೈಸೂರಿನ ಆಸ್ಥಾನ ವಿದ್ವಾಂಸರಾದರು. ಇಷ್ಟು ಮಾನ್ಯತೆಯಿದ್ದವರು 1943ರಲ್ಲಿ 'ವಾಣಿ' ಎಂಬ ಕನ್ನಡ ಚಲಚ್ಚಿತ್ರಕ್ಕೆ ಕೈಹಾಕಿ, ತಾವೇ ಬಣ್ಣ ಹಚ್ಚಿಕೊಂಡು ನಟಿಸಿದುದು ಸಂಪ್ರದಾಯಸ್ಥರ ಹುಬ್ಬೇರಿಸುವಂಥ ಸಂಗತಿಯೇ ಸರಿ. ನಾಟಕರಂಗದ ಕೆ. ಹಿರಣ್ಣಯ್ಯನವರು ಅದರ ನಿರ್ದೇಶಕರು. ಚೆಂಬೈಯವರೂ ತೆರೆಯ ಮೇಲೆ ಬಂದರು. ಆಸ್ಥಾನದ ಸಂಗೀತವನ್ನು ಟೆಂಟು ಸಿನೆಮದ ಪ್ರೇಕ್ಷಕನವರೆಗೆ ಒಯ್ಯಲು ಅವರು ಹಿಂಜರಿಯಲಿಲ್ಲವೆಂಬುದೇ ನಮಗೆ ಮೆಚ್ಚುಗೆ.

1957ರಲ್ಲಿ ಮದರಾಸಿನ ಸಂಗೀತ ಅಕಾಡೆಮಿಯು ಅವರಿಗೆ ಸಂಗೀತ ಕಲಾನಿಧಿ ಬಿರುದನ್ನಿತ್ತಿತು. ಹಾಡುವವನ ಮಗ್ಗುಲಲ್ಲಿ ಕುಳಿತು, ಅವನ ಮರ್ಜಿಯನ್ನು ಅನುಸರಿಸಿ ನುಡಿಸುವವನನ್ನು ಎರಡನೆಯವನೆಂದೇ ಎಣಿಸುವ ರೂಢಿಯಿರುವ ನಾಡಿನಲ್ಲಿ ಈ ಗೌರವದ ಬೆಲೆಯು ಹೆಚ್ಚಿನದು.

1967ರ ಜನವರಿ 19ರಂದು ಅವರು ಕಾಲವಾದರು. ಅಷ್ಟರಲ್ಲಿ ಧ್ವನಿವರ್ಧಕವು ಊರೂರಿಗೂ ಬಂದಿದ್ದಿತು. ಮೂರು ತಂತಿಗಳನ್ನು ಕೂಡಿಸಿದ ಕಾರಣವೇ ಇಲ್ಲದಂತಾಯಿತು. 1980ರಲ್ಲಿ ಬೆಂಗಳೂರಿನಲ್ಲಿ ಪಿಟೀಲಿನ ಆಕಾರದಲ್ಲಿಯೇ ಚೌಡಯ್ಯ ಸ್ಮಾರಕ ಭವನವನ್ನು ಕಟ್ಟಿದರು. ಏಳು ತಂತಿಯ ಪಿಟೀಲನ್ನು ಹಿಡಿದು ಕಚೇರಿಗೆ ಕೂಡುವವರು ಮಾತ್ರ ತೀರ ವಿರಳ.