ಕಾಣದ ಕಿರಣಕ್ಕೆ ಕಾವಲು

ಬೆಂಕಿಯನ್ನು ಕಣ್ಣು ಕಾಣುತ್ತದೆ. ಅದರ ಕಾವನ್ನು ಮೈ ಅರಿಯುತ್ತದೆ. ಒಮ್ಮೆ ಕೈ ಸುಟ್ಟುಕೊಂಡ ಮಗು ಮತ್ತೆ ಒಲೆಯ ಬಳಿಗೆ ಹೋಗಲು ಅಂಜುತ್ತದೆ. ಆದರೆ ಪರಮಾಣುವಿನ ಗರ್ಭದಿಂದ ಹೊರಡುವ ವಿಕಿರಣಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಸದ್ದಿಲ್ಲ. ಅದು ಮೈಯನ್ನು ಹಾದುಹೋಗುವಾಗ ನೋವೂ ಆಗುವುದಿಲ್ಲ. ಅದರಿಂದಾದ ಕೇಡು ತಿಳಿದುಬರುವುದು ದಿನಗಳ, ಕೆಲವೊಮ್ಮೆ ವರ್ಷಗಳ ಅನಂತರ. ಇಂತಹ ಶಕ್ತಿಯನ್ನು ಭಾರತದ ಸೇವೆಗೆ ತೊಡಗಿಸಿದವರಲ್ಲಿ ಅಗ್ರಗಣ್ಯರು ಡಾಕ್ಟರ್ ಹೋಮಿ ಜಹಾಂಗೀರ್ ಭಾಭಾ. ಅಣುಶಕ್ತಿಯ ಶಿಲ್ಪಿಯೆಂದು ನಾಡು ಅವರನ್ನು ನೆನೆಯುತ್ತದೆ. ಆ ಶಕ್ತಿಯನ್ನು ಬಳಸುವವರು ಕಟ್ಟುನಿಟ್ಟಿನ ನಿಯಮಕ್ಕೆ ಒಳಪಟ್ಟಿರಬೇಕೆಂದು ಮೊದಲು ತಮ್ಮ ಸಂಸ್ಥೆಗೇ ವಿಧಿಸಿದವರು ಅವರೆಂಬುದು ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ.

ಭಾಭಾ ಅವರು 1909ರ ಅಕ್ಟೋಬರ್ 30ರಂದು ಮುಂಬಯಿಯ ಪಾರ್ಸಿ ಮನೆತನವೊಂದರಲ್ಲಿ ಜನಿಸಿದರು. ತಂದೆ ಜಹಾಂಗೀರ್ ಭಾಭಾ ನ್ಯಾಯವಾದಿಗಳು, ತಾಯಿ ಮೆಹರ್‌ಬಾಯಿ. ಈ ಮನೆತನಕ್ಕೂ ಕನ್ನಡ ನಾಡಿಗೂ ಹಳೆಯ ನಂಟಿತ್ತು. ಹೋಮಿಯವರ ಅಜ್ಜ ಹೊರ್ಮುಸ್ಜಿ ಭಾಭಾ ಅವರು ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಆಗಿದ್ದರು. ಮನೆಯಲ್ಲಿ ಪುಸ್ತಕಗಳ ಸಂಗ್ರಹವಿತ್ತು. ಪಾಶ್ಚಾತ್ಯ ಸಂಗೀತದ ಗ್ರಾಮಫೋನ್ ತಟ್ಟೆಗಳಿದ್ದವು. ಬಾಲಕ ಹೋಮಿ ಗಣಿತದಲ್ಲಿ ಎಷ್ಟು ಆಸಕ್ತನೋ ಚಿತ್ರ ಬರೆಯುವುದರಲ್ಲಿಯೂ ಸಂಗೀತ ಕೇಳುವುದರಲ್ಲಿಯೂ ಅಷ್ಟೇ ಆಸಕ್ತನಾಗಿದ್ದನು.

ಮಗನು ಎಂಜಿನಿಯರ್ ಆಗಿ ಟಾಟಾ ಕಾರ್ಖಾನೆಯನ್ನು ಸೇರಬೇಕೆಂಬುದು ತಂದೆಯ ಬಯಕೆ. ಅದರಂತೆ ಹೋಮಿ 1927ರಲ್ಲಿ ಇಂಗ್ಲೆಂಡಿಗೆ ತೆರಳಿ ಕೇಂಬ್ರಿಜ್ ವಿಶ್ವವಿದ್ಯಾನಿಲಯವನ್ನು ಸೇರಿದರು. ಆದರೆ ಅವರ ಮನಸ್ಸು ಭೌತವಿಜ್ಞಾನದತ್ತ ಒಲಿದಿತ್ತು. ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಪ್ರಥಮ ದರ್ಜೆ ಪಡೆದರೆ ಇಷ್ಟವಾದ ವಿಷಯವನ್ನು ಓದಬಹುದೆಂದು ತಂದೆ ಒಪ್ಪಿದರು. 1930ರಲ್ಲಿ ಹೋಮಿ ಆ ದರ್ಜೆಯಲ್ಲಿಯೇ ತೇರ್ಗಡೆ ಹೊಂದಿದರು. ತಂದೆಯೂ ಮಾತು ಉಳಿಸಿಕೊಂಡರು. ಮುಂದೆ ಎಲೆಕ್ಟ್ರಾನು ಪಾಸಿಟ್ರಾನುಗಳ ಚದರಿಕೆಯನ್ನು ಕುರಿತು ಭಾಭಾ ಮಾಡಿದ ಲೆಕ್ಕಾಚಾರ ಅವರ ಹೆಸರಿನಲ್ಲಿಯೇ ಪ್ರಸಿದ್ಧವಾಯಿತು. ಆಕಾಶದಿಂದ ಬಂದೆರಗುವ ವಿಶ್ವಕಿರಣದ ಒಂದು ಕಣ ವಾಯುಮಂಡಲದಲ್ಲಿ ಹೇಗೆ ಕಣಗಳ ಮಳೆಯನ್ನೇ ಸುರಿಸುತ್ತದೆಂಬುದನ್ನು 1937ರಲ್ಲಿ ಅವರು ಹೈಟ್ಲರ್ ಎಂಬ ವಿಜ್ಞಾನಿಯೊಡನೆ ಕೂಡಿ ವಿವರಿಸಿದರು.

ಭಾಭಾ ಯುರೋಪಿನಲ್ಲಿದ್ದ ಆ ವರ್ಷಗಳಲ್ಲಿ ವಿಕಿರಣದ ಎರಡು ಮುಖಗಳೂ ಜಗತ್ತಿಗೆ ಪರಿಚಯವಾಗಿದ್ದವು. 1895ರಲ್ಲಿ ರಂಟ್‌ಜನ್ ಎಕ್ಸ್ ಕಿರಣವನ್ನು ಕಂಡುಹಿಡಿದ ಮೇಲೆ ಮುರಿದ ಮೂಳೆಯನ್ನು ಮೈ ಕೊಯ್ಯದೆ ನೋಡುವುದು ಸಾಧ್ಯವಾಯಿತು. 1898ರಲ್ಲಿ ಕ್ಯೂರಿ ದಂಪತಿಗಳು ಪತ್ತೆಹಚ್ಚಿದ ರೇಡಿಯಂ ಅರ್ಬುದ ರೋಗದ ಚಿಕಿತ್ಸೆಗೆ ಒದಗಿತು. ಆದರೆ ಮೊದಮೊದಲ ಎಕ್ಸ್ ಕಿರಣ ವೈದ್ಯರಲ್ಲಿ ಹಲವರು ಬೆರಳುಗಳನ್ನೂ ಕೈಗಳನ್ನೂ ಕೆಲವರು ಪ್ರಾಣವನ್ನೂ ಕಳೆದುಕೊಂಡರು. ಗಡಿಯಾರದ ಮುಖಕ್ಕೆ ರೇಡಿಯಂ ಬಣ್ಣ ಬಳಿಯುತ್ತಿದ್ದ ಅಮೆರಿಕದ ಯುವತಿಯರು ಕುಂಚದ ಮೊನೆಯನ್ನು ತುಟಿಯಿಂದ ಚೂಪು ಮಾಡಿಕೊಂಡು ದವಡೆ ಕೊಳೆತು ಸತ್ತರು. 1934ರಲ್ಲಿ ಮೇರಿ ಕ್ಯೂರಿಯವರೂ ರಕ್ತಕ್ಷಯಕ್ಕೆ ಬಲಿಯಾದರು. ಇದಕ್ಕೆ ಮೊದಲೇ, 1928ರಲ್ಲಿ, ವಿಕಿರಣದಿಂದ ರಕ್ಷಣೆಯ ಮಾರ್ಗವನ್ನು ಸೂಚಿಸಲು ಅಂತರರಾಷ್ಟ್ರೀಯ ಸಮಿತಿಯೊಂದು ಸ್ಥಾಪಿತವಾಗಿತ್ತು. ಅರಿವು ಇಷ್ಟೊಂದು ಬಲಿಯನ್ನು ತೆಗೆದುಕೊಂಡೇ ಬಂದಿತ್ತು.

1939ರಲ್ಲಿ ಭಾಭಾ ರಜೆಗೆಂದು ಭಾರತಕ್ಕೆ ಬಂದರು. ಅಷ್ಟರಲ್ಲಿ ಎರಡನೆಯ ಮಹಾಯುದ್ಧ ಆರಂಭವಾಗಿ ಮರಳುವ ದಾರಿ ಮುಚ್ಚಿತು. ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ರೀಡರ್ ಆಗಿ ಸೇರಿದರು. ಅಲ್ಲಿ ಭೌತವಿಜ್ಞಾನ ವಿಭಾಗಕ್ಕೆ ಸರ್ ಸಿ. ವಿ. ರಾಮನ್ ಅವರೇ ಮುಖ್ಯಸ್ಥರು. ಭಾಭಾ ಅಲ್ಲಿ ವಿಶ್ವಕಿರಣಗಳ ಸಂಶೋಧನೆಗಾಗಿ ಒಂದು ಘಟಕವನ್ನು ಕಟ್ಟಿದರು. 1941ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಅವರನ್ನು ಸದಸ್ಯರನ್ನಾಗಿ ಆರಿಸಿತು. ತುಮಕೂರಿನಲ್ಲಿ ಹುಟ್ಟಿ ಮುಂದೆ ಅಣುವಿಜ್ಞಾನಿಯೆಂದು ಹೆಸರಾದ ರಾಜಾ ರಾಮಣ್ಣ ಅವರನ್ನು ಭಾಭಾ ಮೊದಲು ಭೇಟಿಯಾದುದು 1944ರಲ್ಲಿ, ಮೈಸೂರಿನಲ್ಲಿ. ಅವರಿಬ್ಬರನ್ನೂ ಹತ್ತಿರ ತಂದುದು ಸಂಗೀತ.

ರಜೆಗೆ ಬಂದವರ ಮನಸ್ಸು ಬೆಂಗಳೂರಿನಲ್ಲಿ ಬದಲಾಯಿತು. ಪ್ರತಿಭಾವಂತರು ವಿದೇಶಕ್ಕೆ ಹೋಗಿ ನೆಲೆಸುವುದಕ್ಕಿಂತ ಇಲ್ಲಿಯೇ ಉತ್ತಮ ಸಂಸ್ಥೆಗಳನ್ನು ಕಟ್ಟುವುದು ಮೇಲೆಂದು ಅವರು ನಿಶ್ಚಯಿಸಿದರು. 1944ರ ಮಾರ್ಚ್‌ನಲ್ಲಿ ಟಾಟಾ ಧರ್ಮನಿಧಿಗೆ ಪತ್ರ ಬರೆದು ಭೌತವಿಜ್ಞಾನದ ಸಂಸ್ಥೆಯೊಂದನ್ನು ಸ್ಥಾಪಿಸಲು ನೆರವು ಕೋರಿದರು. ಅಣುವಿನಿಂದ ವಿದ್ಯುತ್ತನ್ನು ಪಡೆಯುವ ಕಾಲ ಬಂದಾಗ ಭಾರತಕ್ಕೆ ಬೇಕಾದ ತಜ್ಞರು ಇಲ್ಲಿಯೇ ದೊರೆಯುವಂತಾಗಬೇಕೆಂಬುದು ಅವರ ಆಶಯವಾಗಿತ್ತು. ಜಗತ್ತು ಇನ್ನೂ ಅಣುಬಾಂಬಿನ ಹೆಸರನ್ನೇ ಕೇಳಿರದ ದಿನಗಳವು. ಅವರ ಕನಸಿನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ 1945ರ ಜೂನ್‌ನಲ್ಲಿ ಬೆಂಗಳೂರಿನಲ್ಲಿಯೇ ಆರಂಭವಾಗಿ ಅದೇ ವರ್ಷ ಮುಂಬಯಿಗೆ ಸ್ಥಳಾಂತರಗೊಂಡಿತು.

ದೇಶ ಸ್ವತಂತ್ರವಾದ ಮರುವರ್ಷ, 1948ರಲ್ಲಿ, ಅಣುಶಕ್ತಿ ಶಾಸನ ಜಾರಿಗೆ ಬಂದು ಅಣುಶಕ್ತಿ ಆಯೋಗ ರಚಿತವಾಯಿತು. ಭಾಭಾ ಅದರ ಅಧ್ಯಕ್ಷರಾದರು. 1954ರಲ್ಲಿ ಮುಂಬಯಿಯ ಬಳಿ ಟ್ರಾಂಬೆಯಲ್ಲಿ ಅಣುಶಕ್ತಿ ಸಂಸ್ಥೆ ಸ್ಥಾಪನೆಗೊಂಡಿತು. ಮರುವರ್ಷ ಜಿನೀವಾದಲ್ಲಿ ಅಣುಶಕ್ತಿಯ ಶಾಂತಿಯುತ ಬಳಕೆಯನ್ನು ಕುರಿತು ನಡೆದ ಮೊದಲ ಅಂತರರಾಷ್ಟ್ರೀಯ ಸಮ್ಮೇಳನಕ್ಕೆ ಭಾಭಾ ಅವರೇ ಅಧ್ಯಕ್ಷರು. 1956ರ ಆಗಸ್ಟ್ 4ರಂದು ಟ್ರಾಂಬೆಯ ಅಪ್ಸರಾ ರಿಯಾಕ್ಟರ್ ಕಾರ್ಯಾರಂಭ ಮಾಡಿತು. ಆಳವಾದ ನೀರಿನ ಕೊಳದಲ್ಲಿ ಇಂಧನವನ್ನು ಇಳಿಬಿಟ್ಟ ರಿಯಾಕ್ಟರ್ ಅದು. ಅದರ ನೀರು ಶಾಖವನ್ನು ಹೀರುತ್ತಿದ್ದಿತು. ಮೇಲೆ ನಿಂತು ನೋಡುವವರನ್ನು ವಿಕಿರಣದಿಂದ ಕಾಯುತ್ತಲೂ ಇದ್ದಿತು. ಮುಂದಿನ ರಿಯಾಕ್ಟರ್ ಸೈರಸ್ ಕೆನಡಾ ದೇಶದ ನೆರವಿನಿಂದ ಎದ್ದಿತು. ಅದರ ಸಾಮರ್ಥ್ಯ 40 ಮೆಗಾವಾಟ್. ಅಪ್ಸರೆಯದಕ್ಕಿಂತ ಹತ್ತಾರು ಮಡಿ ಹೆಚ್ಚು.

ಸೈರಸ್ 1960ರ ಜುಲೈ ತಿಂಗಳಲ್ಲಿ ಕಾರ್ಯಾರಂಭ ಮಾಡಿತು. ಅದಕ್ಕೆ ನಾಲ್ಕೂವರೆ ತಿಂಗಳು ಮೊದಲು, ಫೆಬ್ರವರಿ 27ರಂದು, ಭಾಭಾ ಟ್ರಾಂಬೆಯ ಸಂಸ್ಥೆಗೆ ಒಂದು ಆದೇಶವನ್ನು ಹೊರಡಿಸಿದರು. ವಿಕಿರಣಶೀಲ ವಸ್ತುಗಳನ್ನು ಬಳಸುವಾಗ ಅಲ್ಲಿನ ಕೆಲಸಗಾರರಿಗಾಗಲಿ ಹೊರಗಿನ ಬೇರಾರಿಗಾಗಲಿ ಕೇಡು ಉಂಟಾಗಕೂಡದೆಂದು ಅವರು ವಿಧಿಸಿದರು. ಅಷ್ಟಕ್ಕೇ ನಿಲ್ಲಲಿಲ್ಲ. ನಾಳೆ ದೇಶದ ಇತರ ಸಂಸ್ಥೆಗಳಿಗೆ ಇದರಂತೆ ನಡೆಯಿರಿ ಎಂದು ಹೇಳಬಹುದಾದಷ್ಟು ಮಾದರಿಯಾಗಿ ಟ್ರಾಂಬೆಯ ಕೆಲಸವಿರಬೇಕೆಂದರು. ಅನ್ಯರಿಗೆ ನಿಯಮವನ್ನು ವಿಧಿಸುವವನು ಮೊದಲು ತಾನು ಅದನ್ನು ಪಾಲಿಸಿರಬೇಕೆಂಬುದು ಈ ಆದೇಶದ ತಿರುಳು. ದೇಶವನ್ನು ಬೇಗ ಮುಂದಕ್ಕೊಯ್ಯಬೇಕೆಂಬ ತವಕ ಭಾಭಾ ಅವರಿಗೆ ಯಾರಿಗೂ ಕಡಿಮೆಯಿರಲಿಲ್ಲ. ಆದರೆ ಆ ತವಕಕ್ಕಾಗಿ ಕೆಲಸಗಾರನ ಆರೋಗ್ಯವನ್ನು ತೆರಲು ಅವರು ಸಿದ್ಧರಿರಲಿಲ್ಲ.

ಈ ಕಾರ್ಯಕ್ಕಾಗಿ ಟ್ರಾಂಬೆಯಲ್ಲಿ ಆರೋಗ್ಯ ಭೌತವಿಜ್ಞಾನ ಎಂಬ ವಿಭಾಗವೇ ಇದ್ದಿತು. ಅನಿಲ್ ಕುಮಾರ್ ಗಂಗೂಲಿ ಎಂಬ ವಿಜ್ಞಾನಿ ಅದನ್ನು ಬೆಳೆಸಿದರು. ವಿಕಿರಣದಿಂದ ಕಾಪಾಡಿಕೊಳ್ಳುವ ಸೂತ್ರಗಳು ಮೂರು: ಅದರ ಬಳಿ ಕಳೆಯುವ ಸಮಯ ಕಡಿಮೆಯಿರಬೇಕು, ಅದಕ್ಕೂ ನಮಗೂ ದೂರ ಹೆಚ್ಚಿರಬೇಕು, ನಡುವೆ ಸೀಸ ಅಥವಾ ಕಾಂಕ್ರೀಟಿನ ತಡೆಯಿರಬೇಕು. ದೂರ ಇಮ್ಮಡಿಯಾದರೆ ಸಣ್ಣ ಆಕರವೊಂದರಿಂದ ತಗಲುವ ವಿಕಿರಣ ನಾಲ್ಕನೆಯ ಒಂದು ಪಾಲಿಗೆ ಇಳಿಯುತ್ತದೆ. ಕೆಲಸಗಾರರು ಎದೆಯ ಮೇಲೆ ಛಾಯಾಚಿತ್ರದ ಫಿಲ್ಮಿನ ಚೂರುಳ್ಳ ಬಿಲ್ಲೆಯನ್ನು ಧರಿಸುತ್ತಿದ್ದರು. ಆ ಫಿಲ್ಮು ಎಷ್ಟು ಕಪ್ಪಾಗಿದೆಯೆಂಬುದರಿಂದ ಅವರಿಗೆ ತಗಲಿದ ವಿಕಿರಣವನ್ನು ಅಳೆಯುತ್ತಿದ್ದರು. ಮುಂದೆ ಫಿಲ್ಮಿನ ಬದಲಿಗೆ, ಕಾಯಿಸಿದಾಗ ಬೆಳಕು ಸೂಸುವ ಕ್ಯಾಲ್ಸಿಯಂ ಸಲ್ಫೇಟಿನ ಬಿಲ್ಲೆಗಳು ಬಳಕೆಗೆ ಬಂದವು.

1962ರಲ್ಲಿ ಸಂಸತ್ತು ಹೊಸ ಅಣುಶಕ್ತಿ ಶಾಸನವನ್ನು ಅಂಗೀಕರಿಸಿತು. ಕೇಂದ್ರ ಸರ್ಕಾರದ ಲಿಖಿತ ಒಪ್ಪಿಗೆಯಿಲ್ಲದೆ ವಿಕಿರಣಶೀಲ ವಸ್ತುವನ್ನು ತಯಾರಿಸುವುದನ್ನೂ ಇಟ್ಟುಕೊಳ್ಳುವುದನ್ನೂ ಬಳಸುವುದನ್ನೂ ಮಾರುವುದನ್ನೂ ನಿಷೇಧಿಸುವ ಅಧಿಕಾರ ಅದರಿಂದ ದೊರೆಯಿತು. ವಿಕಿರಣವನ್ನು ಬಳಸುವುದು ಹಕ್ಕಲ್ಲ, ಹೊಣೆಗಾರಿಕೆಯೊಡನೆ ದೊರೆಯುವ ಅನುಮತಿ ಎಂಬ ತತ್ತ್ವ ಹೀಗೆ ಶಾಸನದಲ್ಲಿ ನೆಲೆಗೊಂಡಿತು.

ಭಾಭಾ ಕೇವಲ ಯಂತ್ರಗಳ ನಡುವಿನ ಮನುಷ್ಯರಾಗಿರಲಿಲ್ಲ. ಅವರು ಸ್ವತಃ ಚಿತ್ರಕಾರರು. ತಮ್ಮ ಸಂಸ್ಥೆಯ ಗೋಡೆಗಳಿಗೆ ಭಾರತದ ಯುವ ಕಲಾವಿದರ ಚಿತ್ರಗಳನ್ನು ಕೊಂಡು ತರಿಸಿದರು. ಕಟ್ಟಡಕ್ಕೆ ಅಡ್ಡಬಂದ ಮರವನ್ನು ಕಡಿಯಲು ಒಪ್ಪದೆ ಬೇರುಸಹಿತ ಕಿತ್ತು ಬೇರೆಡೆ ನೆಡಿಸುತ್ತಿದ್ದರು. ಸಣ್ಣದರಲ್ಲಿಯೂ ಕೊರತೆಯನ್ನು ಸಹಿಸದ ಈ ಮನೋಧರ್ಮವೇ ಅವರ ಸುರಕ್ಷತೆಯ ಕಟ್ಟಳೆಯಲ್ಲಿಯೂ ಕಾಣುತ್ತದೆ.

1966ರ ಜನವರಿ 24ರಂದು ಭಾಭಾ ವಿಯೆನ್ನಾ ನಗರಕ್ಕೆ ಪ್ರಯಾಣ ಮಾಡುತ್ತಿದ್ದ ಏರ್ ಇಂಡಿಯಾ ವಿಮಾನ ಆಲ್ಪ್ಸ್ ಪರ್ವತದ ಮಾಂಟ್ ಬ್ಲಾಂಕ್ ಶಿಖರಕ್ಕೆ ಅಪ್ಪಳಿಸಿತು. ವಿಮಾನದಲ್ಲಿದ್ದವರಲ್ಲಿ ಯಾರೂ ಬದುಕಿ ಉಳಿಯಲಿಲ್ಲ. ಭಾಭಾ ಅವರಿಗೆ ಆಗ ಐವತ್ತಾರು ವರ್ಷ. ಮರುವರ್ಷ ಟ್ರಾಂಬೆಯ ಸಂಸ್ಥೆಗೆ ಭಾಭಾ ಅಣು ಸಂಶೋಧನಾ ಕೇಂದ್ರವೆಂಬ ಹೆಸರನ್ನಿಟ್ಟರು.

ಅವರು ಹಾಕಿದ ಅಡಿಪಾಯದ ಮೇಲೆ ಕಟ್ಟಡ ಮೆಲ್ಲಮೆಲ್ಲನೆ ಎದ್ದಿತು. 1971ರಲ್ಲಿ ವಿಕಿರಣ ರಕ್ಷಣಾ ನಿಯಮಗಳು ಬಂದವು. ಆದರೂ ಒಂದು ಕೊರತೆ ಉಳಿದಿತ್ತು. ಭಾಭಾ ಅವರ ಕಾಲದಲ್ಲಿ ರಿಯಾಕ್ಟರನ್ನು ಕಟ್ಟುವವರೂ ಅದರ ಸುರಕ್ಷತೆಯನ್ನು ಪರೀಕ್ಷಿಸುವವರೂ ಒಂದೇ ಮನೆಯವರಾಗಿದ್ದರು. ತಾನು ಬೆಳೆದ ಕಾಳನ್ನು ತಾನೇ ತೂಗಿಕೊಳ್ಳುವವನು ಎಷ್ಟೇ ಪ್ರಾಮಾಣಿಕನಾಗಿದ್ದರೂ ತಕ್ಕಡಿ ಬೇರೆಯವರ ಕೈಯಲ್ಲಿರುವುದು ಲೇಸು. 1983ರ ನವೆಂಬರ್ 15ರಂದು ಅಣುಶಕ್ತಿ ನಿಯಂತ್ರಣ ಮಂಡಲಿ ಸ್ಥಾಪಿತವಾಗಿ ಈ ಕಾವಲಿನ ಕೆಲಸ ಪ್ರತ್ಯೇಕ ಸಂಸ್ಥೆಗೆ ದೊರೆಯಿತು. ಕಾಳೀ ನದಿಯ ದಡದ ಕೈಗಾ ವಿದ್ಯುತ್ ಕೇಂದ್ರವೂ ಊರಿನ ಆಸ್ಪತ್ರೆಯ ಎಕ್ಸ್ ಕಿರಣ ಯಂತ್ರವೂ ಈ ಮಂಡಲಿಯ ಕಣ್ಗಾವಲಿಗೆ ಒಳಪಟ್ಟವು.

2004ರ ನಿಯಮಗಳು ಅಪಾಯದ ಪ್ರಮಾಣಕ್ಕೆ ತಕ್ಕಂತೆ ಒಪ್ಪಿಗೆಯನ್ನು ಲೈಸೆನ್ಸು, ಅಧಿಕೃತಿ, ನೋಂದಣಿ ಎಂದು ವಿಂಗಡಿಸಿದವು. ಲೈಸೆನ್ಸು ಬೇಡುವ ಆಸ್ಪತ್ರೆ ಯಂತ್ರವಿಡುವ ಕೋಣೆಯ ನಕ್ಷೆಯನ್ನು ಒಪ್ಪಿಸಬೇಕು. ಗೋಡೆಗೆ ಸಾಕಷ್ಟು ದಪ್ಪವಿರಬೇಕು. ತರಬೇತಿ ಪಡೆದ ಸಿಬ್ಬಂದಿಯೂ ವಿಕಿರಣ ಸುರಕ್ಷಾಧಿಕಾರಿಯೂ ಇರಬೇಕು. ಲೈಸೆನ್ಸು ಕೈಗೆ ಬಂದೊಡನೆ ಕೆಲಸ ಮುಗಿಯಲಿಲ್ಲ. ಸಿಬ್ಬಂದಿಯ ಎದೆಯ ಬಿಲ್ಲೆಯನ್ನು ಕಾಲಕಾಲಕ್ಕೆ ಪರೀಕ್ಷೆಗೆ ಕಳುಹಿಸಬೇಕು, ಯಂತ್ರವನ್ನು ತಪಾಸಣೆ ಮಾಡಿಸಬೇಕು, ಲೆಕ್ಕಪತ್ರಗಳನ್ನು ಇಡಬೇಕು, ಅವಧಿ ತೀರುವ ಮುನ್ನ ಲೈಸೆನ್ಸನ್ನು ನವೀಕರಿಸಬೇಕು. ತಪ್ಪಿ ನಡೆದರೆ ಅದನ್ನು ಹಿಂತೆಗೆದುಕೊಳ್ಳುವ ಅಧಿಕಾರವೂ ಉಂಟು.

ಈ ಜಾಗರೂಕತೆ ತಪ್ಪಿದಾಗ ಏನಾಗುತ್ತದೆಂಬುದನ್ನು 2010ರ ಏಪ್ರಿಲ್‌ನಲ್ಲಿ ದೆಹಲಿ ನಗರ ಕಂಡಿತು. ವಿದ್ಯಾಸಂಸ್ಥೆಯೊಂದರಲ್ಲಿ ಹಲವು ವರ್ಷಗಳಿಂದ ಬಳಕೆಯಿಲ್ಲದೆ ಬಿದ್ದಿದ್ದ ಯಂತ್ರವನ್ನು ಹಳೆಯ ಕಬ್ಬಿಣವೆಂದು ಹರಾಜು ಹಾಕಲಾಗಿತ್ತು. ಅದರೊಳಗೆ ವಿಕಿರಣಶೀಲ ಕೋಬಾಲ್ಟ್ ಇದ್ದಿತು. ಮಾಯಾಪುರಿಯ ಗುಜರಿ ಅಂಗಡಿಯಲ್ಲಿ ಅದನ್ನು ಬಿಚ್ಚಿದ ಕೆಲಸಗಾರರಿಗೆ ಆ ಲೋಹವೇನೆಂಬುದು ತಿಳಿದಿರಲಿಲ್ಲ. ಹಲವರು ಕಾಯಿಲೆ ಬಿದ್ದರು, ಒಬ್ಬರು ಸತ್ತರು. ಕೆಲಸ ಮುಗಿದ ಮೇಲೆಯೂ ಆಕರವನ್ನು ಸುರಕ್ಷಿತವಾಗಿ ಒಪ್ಪಿಸುವವರೆಗೆ ಹೊಣೆ ತೀರದೆಂಬುದನ್ನು ಆ ಬಡವರ ನೋವು ತೋರಿಸಿಕೊಟ್ಟಿತು. ಅನ್ಯರಾರಿಗೂ ಕೇಡಾಗಕೂಡದೆಂದು ಭಾಭಾ ಬರೆದುದು ಇಂತಹವರನ್ನೂ ಒಳಗೊಂಡ ಮಾತು.

ಭಾಭಾ ಅವರ ಹೆಸರಿನ ಕೇಂದ್ರದ ವಿಜ್ಞಾನಿಗಳು ಅರ್ಬುದ ರೋಗದ ಚಿಕಿತ್ಸೆಗಾಗಿ ಕೋಬಾಲ್ಟ್ ಯಂತ್ರವೊಂದನ್ನು ನಿರ್ಮಿಸಿ ಅದಕ್ಕೆ ಭಾಭಾಟ್ರಾನ್ ಎಂದು ಹೆಸರಿಟ್ಟರು. ಕೋಬಾಲ್ಟಿನ ಶಕ್ತಿ ಸುಮಾರು ಐದೂಕಾಲು ವರ್ಷಕ್ಕೊಮ್ಮೆ ಅರ್ಧಕ್ಕೆ ಇಳಿಯುವುದರಿಂದ ಆಕರವನ್ನು ಬದಲಿಸುತ್ತಿರಬೇಕು, ಹಳೆಯದನ್ನು ಹಿಂದಿರುಗಿಸಬೇಕು. ಅಣುಶಕ್ತಿಯ ಶಿಲ್ಪಿಯ ಹೆಸರನ್ನೇ ಹೊತ್ತಿದ್ದರೂ ಈ ಯಂತ್ರಕ್ಕೆ ಯಾವ ವಿನಾಯಿತಿಯೂ ಇಲ್ಲ; ಲೈಸೆನ್ಸು ಇಲ್ಲದೆ ಅದು ಒಬ್ಬ ರೋಗಿಗೂ ಚಿಕಿತ್ಸೆ ನೀಡುವಂತಿಲ್ಲ.

ರಾಮದುರ್ಗ ತಾಲ್ಲೂಕಿನ ಸಾಲಹಳ್ಳಿಯಂತಹ ಊರಿನಿಂದ ಕೈ ಮುರಿದ ರೈತನೋ ಗಂಟಲ ಗಡ್ಡೆಯಿಂದ ನರಳುವ ತಾಯಿಯೋ ಪಟ್ಟಣದ ಆಸ್ಪತ್ರೆಗೆ ಹೋದಾಗ ಕಿರಣದ ಪ್ರಮಾಣವನ್ನು ತಾವೇ ಅಳೆದು ನೋಡಲಾರರು. ಯಂತ್ರವನ್ನು ನಡೆಸುವವರನ್ನು ನಂಬಿ ಅವರು ಅದರ ಎದುರಿಗೆ ಮೈಯೊಡ್ಡುತ್ತಾರೆ. ಅವರ ನಂಬಿಕೆ ಹುಸಿಯಾಗದಂತೆ ನೋಡಿಕೊಳ್ಳುವುದೇ ಲೈಸೆನ್ಸಿನ ಗುರಿ. ಗೋಡೆಗೆ ತೂಗುಹಾಕಿದ ಆ ಹಾಳೆ ತಾನಾಗಿ ಯಾರನ್ನೂ ಕಾಯಲಾರದು. ಅದರಲ್ಲಿ ಕೊಟ್ಟ ಮಾತನ್ನು ದಿನವೂ ನಡೆಸುವ ಕೈಗಳು ಕಾಯುತ್ತವೆ. ಭಾಭಾ ಟ್ರಾಂಬೆಯಲ್ಲಿ ಬಿಟ್ಟುಹೋದ ಸಂಪತ್ತಿನಲ್ಲಿ ರಿಯಾಕ್ಟರುಗಳಷ್ಟೇ ಬೆಲೆಯುಳ್ಳದ್ದು ಈ ಶಿಸ್ತು.